ಡಿಕ್ಕಿ ಮೇಷ್ಟ್ರು ತೂಗದ ನೀರು

ಡಿಕ್ಕಿ ಮೇಷ್ಟ್ರು ರಸ್ತೆಯಲ್ಲಿ ಬರುತ್ತಿದ್ದಾರೆಂದರೆ ಎದುರಾದವರು ಯಾರೂ ನಮಸ್ಕಾರ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಹೇಳಿದರೂ ಅದು ಅವರ ನೆತ್ತಿಗೆ ಸಲ್ಲುತ್ತಿತ್ತೇ ಹೊರತು ಮುಖಕ್ಕೆ ತಲುಪುತ್ತಿರಲಿಲ್ಲ. ಕತ್ತು ಬಗ್ಗಿಸಿ, ಕೈಗಳೆರಡನ್ನೂ ಬೆನ್ನ ಹಿಂದೆ ಹೆಣೆದುಕೊಂಡು, ಜಾರಿಬಿದ್ದ ಉಂಗುರವನ್ನು ಹುಡುಕುವವರಂತೆ ಡಾಂಬರಿನ ಮೇಲೆ ದೃಷ್ಟಿ ನೆಟ್ಟು ಅವರು ನಡೆಯುವ ಪರಿಯನ್ನು ಕಂಡು ಹೊಸಬರು "ಪಾಪ, ಏನು ಕಳ್ಕೊಂಡ್ರೋ" ಎಂದು ಮರುಗುತ್ತಿದ್ದರು. ಹಳಬರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಎಲ್ಲಾದರೂ ಟೈರು ಉಜ್ಜಿದ ಕಪ್ಪು ಗೆರೆಯೊಂದು ಕಂಡಿತೋ, ಮುಗಿಯಿತು. ನಡುರಸ್ತೆಯಲ್ಲೇ ಕುಕ್ಕುರುಗಾಲಲ್ಲಿ ಕುಳಿತು, ಬೆರಳ ತುದಿಯಿಂದ ಅದನ್ನು ಸವರಿ, ಮೂಸಿ, ಕೋಟಿನ ಜೇಬಿನಿಂದ ಉಕ್ಕಿನ ಅಳತೆಪಟ್ಟಿಯನ್ನು ಸರ್ರೆಂದು ಎಳೆಯುತ್ತಿದ್ದರು. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿದ್ದರೆ ತಲೆಯೆತ್ತದೆ ಕೈಯೊಂದನ್ನು ಮಾತ್ರ ಎತ್ತುತ್ತಿದ್ದರು, ತಾಳಿ ಎಂಬಂತೆ. ಬಸ್ಸು ತಾಳುತ್ತಿತ್ತು. "ಡಿಕ್ಕಿ ಲೆಕ್ಕ ಹಾಕೋರಿಗೇ ಡಿಕ್ಕಿ ಹೊಡೆದ್ರೆ, ಆ ಲೆಕ್ಕ ಯಾರು ಹಾಕ್ತಾರೆ ಸ್ವಾಮಿ?" ಎಂದು ಬಸ್ಸಿನ ಡ್ರೈವರೊಬ್ಬ ನನ್ನನ್ನು ಕೇಳಿದ್ದುಂಟು.

ವೃತ್ತಿಯಿಂದ ಅವರು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಆದರೆ ಎರಡು ವಾಹನಗಳು ಗುದ್ದಿಕೊಂಡು, ಎರಡರ ಚಾಲಕರೂ "ತಪ್ಪು ನನ್ನದಲ್ಲ" ಎಂದು ಎದೆ ತಟ್ಟಿಕೊಂಡಾಗ, ಗುದ್ದುವ ಮೊದಲು ಯಾರು ಎಷ್ಟು ವೇಗದಲ್ಲಿದ್ದರು ಎಂಬುದನ್ನು ಲೆಕ್ಕಹಾಕಿ ಹೇಳಲು ಅಪಘಾತ ವಿಚಾರಣಾ ಕಚೇರಿ ಕರೆಸಿಕೊಳ್ಳುತ್ತಿದ್ದುದು ಅವರೊಬ್ಬರನ್ನೇ. ನಾನು ಆ ಕಚೇರಿಯ ಬೆರಳಚ್ಚುಗಾರ. ಅವರ ವರದಿಗಳನ್ನೆಲ್ಲ ಮೂರು ಪ್ರತಿಗಳಲ್ಲಿ ಟೈಪು ಮಾಡಿದವನು ನಾನೇ ಆದ್ದರಿಂದ, ಪ್ರಕೃತಿಯ ನಿಯಮಗಳು ನಮ್ಮ ಊರಿನಲ್ಲಿ ಜಾರಿಯಲ್ಲಿರುವುದಕ್ಕೆ ಅಲ್ಪಸ್ವಲ್ಪ ನನ್ನ ಬೆರಳುಗಳೂ ಕಾರಣವೆಂದು ನಾನು ಬಹುಕಾಲ ನಂಬಿದ್ದೆ. ಮೇಷ್ಟ್ರು ಅಲ್ಲಗಳೆಯಲಿಲ್ಲ, ಕಾಗುಣಿತವನ್ನು ಮಾತ್ರ ತಿದ್ದಿದರು.

ಅವರ ವಿದ್ಯೆ ಸರಳವಾದದ್ದೆಂದು ಅವರೇ ಹೇಳುತ್ತಿದ್ದರು. ಕ್ಯಾಂಟೀನಿನಲ್ಲಿ ಕುಳಿತರೆ ಸಕ್ಕರೆಯ ಡಬ್ಬಿ ಒಂದು ಗಾಡಿಯಾಗುತ್ತಿತ್ತು, ಉಪ್ಪಿನ ಡಬ್ಬಿ ಇನ್ನೊಂದು. ಒಂದನ್ನು ಪಡುವಣದಿಂದ, ಇನ್ನೊಂದನ್ನು ತೆಂಕಣದಿಂದ ನೂಕಿ, ಟಪ್ಪನೆ ಗುದ್ದಿಸಿ, ಎರಡೂ ಕೂಡಿ ಓರೆಯಾಗಿ ಜಾರಿದ ದಾರಿಯನ್ನು ಟೀಯಲ್ಲಿ ಅದ್ದಿದ ಬೆರಳಿನಿಂದ ಮೇಜಿನ ಮೇಲೆ ಬರೆದು ಹೇಳುತ್ತಿದ್ದರು: "ನೋಡಿ, ಗಾಡಿ ತೂಕಾನ ವೇಗದಿಂದ ಗುಣಿಸಿದ್ರೆ ಬರೋದು ಸಂವೇಗ. ಡಿಕ್ಕಿ ಆದಾಗ ಗಾಜು ಹೋಗುತ್ತೆ, ಬಾಗಿಲು ಹೋಗುತ್ತೆ, ಕೆಲವರ ಮಾನಾನೂ ಹೋಗುತ್ತೆ. ಸಂವೇಗ ಹೋಗಲ್ಲ. ಮೊದಲು ಇಬ್ಬರದೂ ಸೇರಿ ಎಷ್ಟಿತ್ತೋ ಆಮೇಲೂ ಅಷ್ಟೇ ಇರುತ್ತೆ, ಹಂಚಿಕೊಂಡಿರುತ್ತೆ." ಗುದ್ದಿದ ಮೇಲೆ ಗಾಡಿಗಳು ಎಷ್ಟು ದೂರ, ಯಾವ ಕೋನದಲ್ಲಿ ಉಜ್ಜಿಕೊಂಡು ಹೋದವೆಂಬುದನ್ನು ರಸ್ತೆ ಹೇಳುತ್ತದೆ, ಅದರಿಂದ ಗುದ್ದಿದ ಮರುಕ್ಷಣದ ವೇಗ, ಅಲ್ಲಿಂದ ಸಂವೇಗದ ಕೈಹಿಡಿದು ಒಂದೇ ಹೆಜ್ಜೆ ಹಿಂದಕ್ಕೆ, ಗುದ್ದುವ ಮುನ್ನಿನ ಕ್ಷಣಕ್ಕೆ. ಹಿಂದಕ್ಕೆ ಇಡುವ ಆ ಒಂದು ಹೆಜ್ಜೆಯನ್ನು ಹೇಳುವಾಗ ಅವರ ಕಣ್ಣುಗಳು ಸಣ್ಣಗಾಗುತ್ತಿದ್ದವು. ಕ್ಯಾಂಟೀನಿನ ಮಾಣಿ ಮಾತ್ರ ಮೇಜು ಒರೆಸಲು ಬಟ್ಟೆ ಹಿಡಿದು ಸರದಿ ಕಾಯುತ್ತಿದ್ದ.

ತೂಕದ ಮೇಲೆ ಅವರಿಗೆ ವಿಪರೀತ ವ್ಯಾಮೋಹ. "ಅದಿರ್ಲಿ, ತೂಕ ಎಷ್ಟು?" ಎಂಬುದು ಅವರ ಬಾಯಿಗೆ ಅಂಟಿದ ಮಾತು. ಹೊಸ ಪ್ರಾಂಶುಪಾಲರು ಮೊದಲ ದಿನದ ಸಭೆಯಲ್ಲಿ "ನಾನು ಬಹಳ ವೇಗವಾಗಿ ಕೆಲಸ ಮಾಡುವವನು" ಎಂದು ಘೋಷಿಸಿದಾಗ, ಹಿಂದಿನ ಸಾಲಿನಿಂದ ಮೇಷ್ಟ್ರು ಗೊಣಗಿದ್ದು ಇದನ್ನೇ. ಒಮ್ಮೆ ಊರಿನ ಇಬ್ಬರು ಗಣ್ಯರ ಕಾರುಗಳು ಒಂದಕ್ಕೊಂದು ಮುಖಾಮುಖಿಯಾದವು. ವಿಚಾರಣೆಯಲ್ಲಿ ಇಬ್ಬರೂ ಪ್ರಮಾಣ ಮಾಡಿ, ತಮ್ಮ ಕಾರು ಆ ಹೊತ್ತಿನಲ್ಲಿ ನಿಂತೇ ಇತ್ತೆಂದು ಹೇಳಿಕೆ ಕೊಟ್ಟರು. ಮೇಷ್ಟ್ರು ಎರಡೂ ಹೇಳಿಕೆಗಳನ್ನು ಗಂಭೀರವಾಗಿ ಓದಿಸಿಕೊಂಡು, "ಹಾಗಾದ್ರೆ ರಸ್ತೇನೇ ಬಂದು ಗುದ್ದಿರಬೇಕು ಸಾರ್. ಅದರ ತೂಕ ತರಿಸಿಕೊಡಿ, ಲೆಕ್ಕ ಹಾಕ್ತೀನಿ" ಎಂದರು. ವಿಚಾರಣಾಧಿಕಾರಿಗಳು ನಗು ತಡೆಯಲು ನೀರು ಕುಡಿದು, ಅದು ನೆತ್ತಿಗೇರಿ, ಅಂದಿನ ಕಲಾಪ ಮುಂದೂಡಲ್ಪಟ್ಟಿತು.

ಇಂಥ ಪ್ರಸಂಗಗಳಿಂದಲೇ ಅವರಲ್ಲೊಂದು ಹಟ ಬಲಿತಿತ್ತು: ಚಾಲಕರನ್ನು ಮಾತನಾಡಿಸಕೂಡದು. ಸ್ಥಳಕ್ಕೆ ಹೋದರೆ ಅಳತೆಪಟ್ಟಿ, ಸೀಮೆಸುಣ್ಣ, ತರಗತಿಯ ಕಪ್ಪುಹಲಗೆಗೆ ಬಳಸುವ ಮರದ ದೊಡ್ಡ ಕೋನಮಾಪಕ, ಇಷ್ಟೇ ಅವರ ಸಂಗಾತಿಗಳು. ಗಾಯಗೊಂಡವನೊಬ್ಬ "ಸಾರ್, ನಾನು ಹೇಳೋದು ಸ್ವಲ್ಪ..." ಎಂದು ಹತ್ತಿರ ಬಂದರೆ ಅಂಗೈ ಅಡ್ಡ ಹಿಡಿಯುತ್ತಿದ್ದರು. "ನಿಮಗೆ ನೋವಾಗಿದೆ, ಭಯ ಆಗಿದೆ, ನೀವು ಏನೋ ಹೇಳ್ತೀರಿ. ರಸ್ತೆಗೆ ಏನೂ ಆಗಿಲ್ಲ. ಅದು ಹೇಳಲಿ." ಈ ನಿಷ್ಠುರತೆಗೆ ಊರು ತಲೆದೂಗುತ್ತಿತ್ತು. ಮೇಷ್ಟ್ರೂ ಒಳಗೊಳಗೇ ತಲೆದೂಗುತ್ತಿದ್ದರೆಂದು ನನ್ನ ಗುಮಾನಿ. ನಿಷ್ಪಕ್ಷಪಾತಿ ಎನಿಸಿಕೊಳ್ಳುವುದೂ ಒಂದು ಚಟವೇ. ಹಿಡಿದರೆ ನಶ್ಯಕ್ಕಿಂತ ಕಷ್ಟ ಬಿಡುವುದು.

ಈ ಹಟ ಅವರ ಮನೆಯ ಹೊಸ್ತಿಲಿಗೇ ಬಂದು ನಿಂತದ್ದು ಒಂದು ಬೇಸಿಗೆಯಲ್ಲಿ.

ಮೇಷ್ಟ್ರಿಗೆ ಒಬ್ಬ ತಮ್ಮ. ತಂದೆ ಬೇಗ ತೀರಿಕೊಂಡದ್ದರಿಂದ ಹತ್ತು ವರ್ಷಕ್ಕೆ ಕಿರಿಯನಾದ ಅವನನ್ನು ಸೈಕಲ್ಲಿನ ಮುಂದಿನ ಕೊಳವೆಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು, ಕರೆತಂದು, ಬೆಳೆಸಿದವರು ಇವರೇ. ಹುಡುಗನಿಗೆ ಓದು ಹತ್ತಲಿಲ್ಲ, ಚಕ್ರ ಹತ್ತಿತು. ಸಣ್ಣದೊಂದು ಸರಕು ಗಾಡಿ ಕೊಂಡು, ಅದರ ಬೆನ್ನಿಗೆ ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ಕಟ್ಟಿ, ಕಟ್ಟಡದ ಕೆಲಸ ನಡೆಯುವ ಕಡೆಗಳಿಗೆ ನೀರು ಸರಬರಾಜು ಮಾಡುತ್ತಿದ್ದ. ಅಣ್ಣ ಭೌತಶಾಸ್ತ್ರ ಪಾಠ ಮಾಡುತ್ತಾನೆ, ನಾನು ಅದನ್ನು ಓಡಿಸುತ್ತೇನೆ ಎಂದು ಹೇಳಿಕೊಂಡು ನಗುತ್ತಿದ್ದ. ಒಂದು ಬೆಳಿಗ್ಗೆ ಆರು ಗಂಟೆಗೆ, ನಾಲ್ಕು ರಸ್ತೆ ಕೂಡುವಲ್ಲಿ, ಪಡುವಣದಿಂದ ಬರುತ್ತಿದ್ದ ಅವನ ಗಾಡಿಗೂ ತೆಂಕಣದಿಂದ ಬಂದ ಕಾರೊಂದಕ್ಕೂ ಡಿಕ್ಕಿಯಾಯಿತು. ಎರಡೂ ಒಂದಕ್ಕೊಂದು ಕಚ್ಚಿಕೊಂಡು ಹನ್ನೆರಡು ಮೀಟರು ಓರೆಯಾಗಿ ಉಜ್ಜುತ್ತ ಹೋಗಿ ನಿಂತವು. ಜೀವಕ್ಕೇನೂ ಆಗಲಿಲ್ಲ, ಕಾರಿನವರ ಕಾಲು ಮುರಿಯಿತು, ತಮ್ಮನ ಹಣೆ ಒಡೆಯಿತು. ಕಾರಿನವರು ಮೇಲಿನವರೆಗೂ ಕೈ ಎಟುಕುವವರು. ತಪ್ಪೆಲ್ಲ ಗಾಡಿಯವನದೇ, ಅವನು ಬಿರುಗಾಳಿಯಂತೆ ಬಂದ ಎಂದು ದೂರು ಕೊಟ್ಟರು.

"ಮೇಷ್ಟ್ರೇ, ಇದು ನಿಮ್ಮ ಮನೆ ವಿಷಯ. ಬೇರೆ ಊರಿಂದ ಯಾರನ್ನಾದ್ರೂ ಕರೆಸ್ತೀನಿ ಬಿಡಿ" ಎಂದರು ವಿಚಾರಣಾಧಿಕಾರಿಗಳು, ನನ್ನ ಮುಂದೆಯೇ.

"ನನ್ನ ಲೆಕ್ಕಕ್ಕೆ ಬಂಧು ಬಳಗ ಇಲ್ಲ ಸಾರ್" ಎಂದರು ಮೇಷ್ಟ್ರು.

ಆ ಕ್ಷಣದಲ್ಲಿ ಅವರು ಎಷ್ಟು ಎತ್ತರವಾಗಿ ಕಂಡರೆಂದರೆ ನಾನು ಕುರ್ಚಿಯಿಂದ ಅರ್ಧ ಎದ್ದೆ. ಕೂತೇ ಇರಬೇಕಿತ್ತು ಎಂದು ಈಗ ಅನಿಸುತ್ತದೆ.

ತರಗತಿಗಳನ್ನು ತಪ್ಪಿಸುವ ಅಭ್ಯಾಸ ಅವರಿಗಿರಲಿಲ್ಲ. ಪಾಠ ಮುಗಿಸಿ ಸ್ಥಳಕ್ಕೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ಬಿಸಿಲು ರಸ್ತೆಯನ್ನು ಹಪ್ಪಳದಂತೆ ಕಾಯಿಸಿತ್ತು. ಗೆರೆ ಅಳೆದರು, ಕೋನ ಹಿಡಿದರು: ಇಪ್ಪತ್ತೈದು ಡಿಗ್ರಿ. ಎರಡೂ ವಾಹನಗಳನ್ನು ಎಳೆಸಿಕೊಂಡು ಹೋಗಿ ವೇಬ್ರಿಡ್ಜಿನ ಮೇಲೆ ತೂಗಿಸಿದರು. ಗಾಡಿ ಎರಡು ಸಾವಿರ ಕಿಲೋ, ಕಾರು ಒಂದು ಸಾವಿರ. ಟ್ಯಾಂಕಿನ ತಳ ಸೀಳಿದೆಯೆಂದು ಟಿಪ್ಪಣಿ ಬರೆದುಕೊಂಡರು. ಅದೇ ಸಂಜೆ ಹಣೆಗೆ ಪಟ್ಟಿ ಕಟ್ಟಿಸಿಕೊಂಡ ತಮ್ಮ ಅಣ್ಣನ ಮನೆಗೆ ಬಂದ. ಮೇಷ್ಟ್ರು ಮೊಗಸಾಲೆಯಲ್ಲಿ ವರದಿ ಬರೆಯುತ್ತಿದ್ದರು.

"ಅಣ್ಣಾ, ಬೆಳಿಗ್ಗೆ ಏನಾಯ್ತು ಅಂದ್ರೆ..."

ಮೇಷ್ಟ್ರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತರು. "ವರದಿ ಕೊಡೋವರೆಗೂ ನೀನು ನಂಗೆ ತಮ್ಮ ಅಲ್ಲ ಕಣೋ. ವಾಹನ ಸಂಖ್ಯೆ ಒಂದು. ಹೋಗು."

ವಾಹನ ಸಂಖ್ಯೆ ಒಂದು ಸ್ವಲ್ಪ ಹೊತ್ತು ನಿಂತಿತ್ತು. ಅತ್ತಿಗೆ ಅಡುಗೆಮನೆಯ ಹಿಂಬಾಗಿಲಲ್ಲಿ ಕರೆದು ಟೀ ಕೊಟ್ಟರು, ಕುಡಿಯದೆ ಹೋದ.

ವರದಿಯನ್ನು ನಾನೇ ಟೈಪು ಮಾಡಿದೆ. ವಾಹನ ಸಂಖ್ಯೆ ಒಂದರ ವೇಗ ಗಂಟೆಗೆ ಅರವತ್ತಮೂರು ಕಿಲೋಮೀಟರು, ವಾಹನ ಸಂಖ್ಯೆ ಎರಡರದು ಐವತ್ತೊಂಬತ್ತು. ಅಲ್ಲಿ ಮಿತಿ ಐವತ್ತು. ಇಬ್ಬರೂ ಮಿತಿ ಮೀರಿದ್ದರು. ಹೆಚ್ಚು ಮೀರಿದವನು ತಮ್ಮ, ಆದ್ದರಿಂದ ಮುಖ್ಯ ಹೊಣೆ ಅವನದು. "ನಿನಗೇನಾದ್ರೂ ಹೇಳೋದಿದೆಯಾ?" ಎಂದು ವಿಚಾರಣಾಧಿಕಾರಿಗಳು ಅವನನ್ನು ಎರಡೆರಡು ಸಲ ಕೇಳಿದರು. ಅವನು ಅಣ್ಣನ ಕಡೆ ನೋಡಿದ. ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. "ಅಣ್ಣ ಬರೆದ್ಮೇಲೆ ನಂದೇನಿದೆ ಸಾರ್" ಎಂದ. ಲೈಸೆನ್ಸು ಹೋಯಿತು, ಗಾಡಿ ಹೋಯಿತು. ತಿಂಗಳೊಳಗೆ ಹೆಂಡತಿ ಮತ್ತು ಎರಡು ವರ್ಷದ ಮಗಳೊಂದಿಗೆ ದೂರದ ಇನ್ನೊಂದು ಊರಿಗೆ ಹೊರಟುಹೋದ. ಹೇಳಿ ಹೋಗಲಿಲ್ಲ.

ಆಮೇಲಿನ ಹನ್ನೊಂದು ವರ್ಷ ಮೇಷ್ಟ್ರು ತಮ್ಮನ ಸುದ್ದಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಆದರೆ ಸಂವೇಗದ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಅವರು ಬಿಡಿಸುತ್ತಿದ್ದುದು ಒಂದೇ ಸಮಸ್ಯೆ: ಪಡುವಣದಿಂದ ಎರಡು ಸಾವಿರ ಕಿಲೋದ ಸರಕು ಗಾಡಿ, ತೆಂಕಣದಿಂದ ಒಂದು ಸಾವಿರ ಕಿಲೋದ ಕಾರು, ಕೋನ ಇಪ್ಪತ್ತೈದು ಡಿಗ್ರಿ. ಅದು ಯಾರ ಗಾಡಿಯೆಂದು ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಅವರು ಗಮನಿಸಿ ನಗುತ್ತಿದ್ದುದು ಇನ್ನೊಂದನ್ನು. ಕಾರನ್ನು ಬರೆಯುವಾಗ ಮೇಷ್ಟ್ರು ಬರಿಯ ಚೌಕ ಎಳೆದು ಬಿಡುತ್ತಿದ್ದರು. ಸರಕು ಗಾಡಿಗಾದರೆ ಚಕ್ರ, ದೀಪ, ಕನ್ನಡಿ, ಕಿಟಕಿಯೊಳಗೆ ಗುಂಗುರು ಕೂದಲಿನ ಒಂದು ತಲೆ. ತರಗತಿ ಮುಗಿದಾಗ ಲೆಕ್ಕವನ್ನೆಲ್ಲ ತಾವೇ ಅಳಿಸುತ್ತಿದ್ದರು, ಗಾಡಿಯನ್ನು ಅಳಿಸದೆ ಇಳಿದು ಹೋಗುತ್ತಿದ್ದರು. ಮುಂದಿನ ಪಾಠಕ್ಕೆ ಬಂದ ರಸಾಯನಶಾಸ್ತ್ರದವರು ಅದರ ಸುತ್ತಲೇ ತಮ್ಮ ಸೂತ್ರಗಳನ್ನು ಬರೆದುಕೊಳ್ಳುತ್ತಿದ್ದರಂತೆ.

ಲೆಕ್ಕ ಬಿಚ್ಚಿಕೊಂಡದ್ದು ಅಕಸ್ಮಾತ್ತಾಗಿ. ಪೊಲೀಸರಿಗೆ ಅಪಘಾತದ ಚಿತ್ರ ತೆಗೆದುಕೊಡುತ್ತಿದ್ದ ಸ್ಟುಡಿಯೋದವರು ವಯಸ್ಸಾಗಿ ಅಂಗಡಿ ಮುಚ್ಚುವಾಗ, ಹಳೆಯ ಚಿತ್ರಗಳ ರಾಶಿಯಿಂದ ಒಂದನ್ನು ತಂದು ಮೇಷ್ಟ್ರ ಕೈಗಿತ್ತರು. "ನಿಮ್ಮ ತಮ್ಮಂದು ಅಲ್ವಾ ಇದು? ಡಿಕ್ಕಿಯಾಗಿ ಅರ್ಧ ಗಂಟೆಗೆ ತೆಗೆದದ್ದು. ಎಸೆಯೋಕೆ ಮನಸ್ಸು ಬರಲಿಲ್ಲ." ಕಡತದಲ್ಲಿದ್ದ ಮಸುಕು ನಕಲನ್ನು ಮೇಷ್ಟ್ರು ಹಿಂದೆ ನೋಡಿದ್ದರು; ಅದರಲ್ಲಿ ಕಾಣುತ್ತಿದ್ದುದು ಗಾಡಿಯ ಆಕಾರ, ಗೆರೆಯ ದಿಕ್ಕು, ಉಳಿದದ್ದು ಶಾಯಿಯ ಕಪ್ಪು. ಇದು ಬಣ್ಣದ ಮೂಲಪ್ರತಿ. ಇದರಲ್ಲಿ ತಮ್ಮನ ಮುಖವಿತ್ತು.

ಅಳೆಯುವ ಉದ್ದೇಶವೇನೂ ಈಗ ಅವರಿಗಿರಲಿಲ್ಲ. ನಿಘಂಟಿನೊಳಗೆ ಬಚ್ಚಿಟ್ಟು, ಮನೆಯವರು ಆಚೆ ಹೋದಾಗ ತೆಗೆದು, ತಮ್ಮನನ್ನು ಸುಮ್ಮನೆ ನೋಡುತ್ತಿದ್ದರು. ಒಡೆದ ಹಣೆಯನ್ನು ಒಂದು ಕೈಯಲ್ಲಿ ಒತ್ತಿಹಿಡಿದು ಅವನು ಪಾದಚಾರಿ ಕಟ್ಟೆಯ ಮೇಲೆ ಕುಳಿತಿದ್ದ. ನಾಲ್ಕನೆಯ ದಿನ ಅವರಿಗೆ ಕಂಡದ್ದು ಅವನ ಇನ್ನೊಂದು ಕೈ. ಅದರಲ್ಲಿ ಚಪ್ಪಲಿಗಳಿದ್ದವು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದ. ಯಾಕೆ ಮಡಚಿದ? ಭೂತಗನ್ನಡಿ ತಂದರು. ತಮ್ಮನ ಹಿಂದಿದ್ದ ಅಂಗಡಿಯ ಹೆಸರುಹಲಗೆ ಗೋಡೆಯ ಮೇಲೆ ನೆಟ್ಟಗಿತ್ತು; ಅದೇ ಹಲಗೆ ರಸ್ತೆಯೊಳಗೆ ತಲೆಕೆಳಗಾಗಿ, ಅಕ್ಷರ ಅಕ್ಷರವೂ ಓದಲು ಬರುವಂತೆ, ಹೊಳೆಯುತ್ತಿತ್ತು.

ರಸ್ತೆ ತುಂಬ ನೀರು.

ಟ್ಯಾಂಕು ತುಂಬಿತ್ತು. ಬೇಸಿಗೆಯ ಬೆಳಗಿನಲ್ಲಿ ಅಷ್ಟಗಲ ಹರಡುವ ನೀರು ಆ ಸೀಳಿದ ಟ್ಯಾಂಕಿನದಲ್ಲದೆ ಬೇರೆಯದಲ್ಲ. ಸಾವಿರ ಲೀಟರೆಂದರೆ ಸಾವಿರ ಕಿಲೋ. ಡಿಕ್ಕಿಯ ಕ್ಷಣದಲ್ಲಿ ಗಾಡಿಯ ತೂಕ ಮೂರು ಸಾವಿರ. ಮೇಷ್ಟ್ರು ತೂಗಿಸಿದ್ದು, ನೀರು ಹರಿದುಹೋದ ಮೇಲಿನ ಎರಡು ಸಾವಿರ. ಸಾಲದ್ದಕ್ಕೆ ಗಾಡಿಗಳು ಜಾರಿದ್ದು ಆಗತಾನೆ ಒದ್ದೆಯಾದ ರಸ್ತೆಯ ಮೇಲೆ. ಮೇಷ್ಟ್ರು ಲೆಕ್ಕಕ್ಕೆ ತೆಗೆದುಕೊಂಡದ್ದು ಮಧ್ಯಾಹ್ನದ ಒಣ ರಸ್ತೆ. ಒದ್ದೆಯಲ್ಲಿ ಹಿಡಿತ ಕಡಿಮೆ. ಕಡಿಮೆ ವೇಗಕ್ಕೇ ಅಷ್ಟೇ ಉದ್ದದ ಗೆರೆ ಬೀಳುತ್ತದೆ.

ಪರರ ಗಾಡಿಯಾಗಿದ್ದರೆ ಟ್ಯಾಂಕು ತುಂಬಿತ್ತೋ ಖಾಲಿಯಿತ್ತೋ ಎಂದು ಅವರು ಹತ್ತು ಕಡೆ ವಿಚಾರಿಸುತ್ತಿದ್ದರು. ಚಾಲಕನನ್ನು ಕೇಳದಿದ್ದರೂ ನೀರು ತುಂಬಿಸಿಕೊಟ್ಟವರನ್ನು ಕೇಳುತ್ತಿದ್ದರು. ಇಲ್ಲಿ ಕೇಳುವ ಅಗತ್ಯವೇ ಕಾಣಲಿಲ್ಲ. ತಮ್ಮನ ದಿನಚರಿ ಅವರಿಗೆ ಬಾಯಿಪಾಠವಿತ್ತು. ಐದು ಗಂಟೆಗೆ ಮೊದಲ ಕಟ್ಟಡಕ್ಕೆ ನೀರು ಇಳಿಸಿ, ಆರಕ್ಕೆ ಆ ರಸ್ತೆಯಲ್ಲೇ ಖಾಲಿ ಗಾಡಿಯಲ್ಲಿ ಹಿಂದಿರುಗುತ್ತಾನೆ. ತಮ್ಮನೆಂಬ ಕಾರಣಕ್ಕೆ ಪಕ್ಷಪಾತವಾಗಬಾರದೆಂದು ಎಲ್ಲ ಕಿಂಡಿಗಳನ್ನೂ ಮುಚ್ಚಿಕೊಂಡವರ ಲೆಕ್ಕಕ್ಕೆ, ತಮ್ಮನೆಂಬ ಕಾರಣಕ್ಕೇ ತಪ್ಪು ನುಸುಳಿತ್ತು.

ಮರುದಿನ ಕಚೇರಿ ತೆರೆಯುವ ಮೊದಲೇ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಕೋಟಿನ ಗುಂಡಿ ಒಂದು ಮನೆ ತಪ್ಪಿತ್ತು. "ಟೈಪ್ ಮಾಡಿ" ಎಂದು ಐದು ಹಾಳೆಗಳನ್ನು ನನ್ನ ಮುಂದಿಟ್ಟರು. ವಾಹನ ಸಂಖ್ಯೆ ಒಂದು, ನಲವತ್ತೇಳು ಕಿಲೋಮೀಟರು. ವಾಹನ ಸಂಖ್ಯೆ ಎರಡು, ಅರವತ್ತಾರು. ಮಿತಿಯೊಳಗಿದ್ದವನು ತಮ್ಮ, ಹೊಣೆ ಕಾರಿನವರದು. ಕೊನೆಯಲ್ಲೊಂದು ಸಾಲು: ಹಿಂದಿನ ವರದಿಯ ದೋಷ ಸಂಪೂರ್ಣವಾಗಿ ಅಧೋಸಹಿದಾರನದು, ಎಂದರೆ ಕೆಳಗೆ ಸಹಿ ಹಾಕಿದವನದು. ನನ್ನ ಜೀವಮಾನದಲ್ಲಿ ಟೈಪು ಮಾಡಿದ ಸಾವಿರಾರು ಕಾಗದಗಳಲ್ಲಿ ಅಧೋಸಹಿದಾರನೊಬ್ಬ ತಪ್ಪೊಪ್ಪಿಕೊಂಡದ್ದು ಅದೊಂದೇ; ಬೆರಳು ಎರಡು ಸಲ ಜಾರಿತು.

ವಿಚಾರಣಾಧಿಕಾರಿಗಳು ಈಗ ಬೇರೆಯವರು, ಸಜ್ಜನರು. ಓದಿ, ಕನ್ನಡಕ ತೆಗೆದು, "ಆ ಕಡತ ಮುಚ್ಚಿ ಕಾಲವಾಯ್ತು ಮೇಷ್ಟ್ರೇ. ಮತ್ತೆ ತೆಗೆಯೋಕೆ ಕಾನೂನಲ್ಲಿ ದಾರಿ ಇಲ್ಲ" ಎಂದರು. "ಮೇಲಾಗಿ, ಟ್ಯಾಂಕು ತುಂಬಿತ್ತು ಅನ್ನೋದಕ್ಕೆ ನಿಮ್ಮ ಹತ್ರ ಇರೋದು ಒಂದು ಫೋಟೋ."

ಹೊರಗೆ ಬಂದು ನಾವಿಬ್ಬರೂ ಬೆಂಚಿನ ಮೇಲೆ ಕುಳಿತೆವು. ನಾನು ನನ್ನ ಬುದ್ಧಿಗೆ ತೋಚಿದ್ದನ್ನು ಹೇಳಿದೆ: "ತುಂಬಿತ್ತೋ ಇಲ್ಲವೋ, ತಮ್ಮನನ್ನೇ ಕೇಳಬಹುದಲ್ಲ ಸಾರ್?"

ಎರಡು ಬಸ್ಸುಗಳು ಹೋದವು. ಮೂರನೆಯದು ಹೋದ ಮೇಲೆ, "ಹೂಂ. ಕೇಳಬಹುದಿತ್ತು" ಎಂದರು.

ಆ ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿ, "ಅವನೆಲ್ಲಿದ್ದಾನೋ ಏನೋ, ಹೇಗೆ ಹುಡುಕೋದು?" ಎಂದು ತಲೆಯ ಮೇಲೆ ಕೈಹೊತ್ತರಂತೆ. ಆಕೆ ದೇವರಂಥ ಹೆಂಗಸು, ಒಗೆದ ಬಟ್ಟೆ ಮಡಚುತ್ತಲೇ ಹೇಳಿದರು: "ಅವನು ಹೋದ ಊರಲ್ಲೇ, ಹಳೇ ಬಸ್ ನಿಲ್ದಾಣದ ಹಿಂದೆ ಮೂರನೇ ಅಡ್ಡರಸ್ತೆ. ಪಂಪ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಹಿಂದೇನೇ ಮನೆ. ಮಗಳು ಎಂಟನೇ ಕ್ಲಾಸು, ಗಣಿತದಲ್ಲಿ ಜೋರಂತೆ."

"ನಿನಗೆ ಹೇಗೆ ಗೊತ್ತು?"

"ಪ್ರತಿ ಭಾನುವಾರ ನೀವು ಸ್ನಾನಕ್ಕೆ ಹೋದಾಗ ಫೋನ್ ಮಾಡ್ತೀನಿ. ಹನ್ನೊಂದು ವರ್ಷ ಆಯ್ತು. ನೀವು ಒಂದು ದಿನಾನಾದ್ರೂ ಬೇಗ ಸ್ನಾನ ಮುಗಿಸಿ ಬಂದಿದ್ರೆ ಗೊತ್ತಾಗಿರೋದು."

ಒಂದು ಗೀರು ನೋಡಿ ಯಾವ ಗಾಡಿ ಯಾವ ದಿಕ್ಕಿನಿಂದ ಬಂತೆಂದು ಹೇಳಬಲ್ಲ ತಜ್ಞರ ಮನೆಯೊಳಗೆ ಐನೂರಕ್ಕೂ ಮಿಕ್ಕ ದೂರವಾಣಿ ಸಂಭಾಷಣೆಗಳು ನಡೆದಿದ್ದವು.

ತಮ್ಮನ ಊರಲ್ಲಿ ನಡೆದದ್ದನ್ನು ಮೇಷ್ಟ್ರು ನನಗೆ ಒಂದೇ ಸಲಕ್ಕೆ ಹೇಳಲಿಲ್ಲ. ಒಂದು ಟೀಗೆ ಇಷ್ಟು, ಇನ್ನೊಂದು ಟೀಗೆ ಅಷ್ಟು. ಚೂರುಗಳನ್ನು ಜೋಡಿಸಿದ್ದು ನಾನು. ಅಂಗಡಿಯ ಮುಂದೆ ಬಿಚ್ಚಿಟ್ಟ ಪಂಪುಗಳ ನಡುವೆ ಕುಳಿತಿದ್ದ ತಮ್ಮ ಇವರನ್ನು ನೋಡಿ ಎದ್ದು ನಿಂತನಂತೆ. ಗುಂಗುರು ಕೂದಲು ಮುಂದಲೆಯಲ್ಲಿ ಉದುರಿತ್ತು. ಇವರು ಐದು ಹಾಳೆಗಳನ್ನು ಚಾಚಿದರು. ಅವನು ಗ್ರೀಸಿನ ಕೈ ಒರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ, ಸಹಿಯನ್ನೂ ಬಿಡದೆ ಓದಿದ. ಒಳಗಿನಿಂದ ಬಂದ ಅವನ ಹೆಂಡತಿ ಗಂಡನ ಹೆಗಲ ಮೇಲಿಂದ ಇಣುಕಿ ನೋಡಿ, "ಹನ್ನೊಂದು ವರ್ಷಕ್ಕೆ ಐದು ಹಾಳೆನಾ ಭಾವ?" ಎಂದಳು. ಎಂದವಳೇ ಕುರ್ಚಿ ತಂದಿಟ್ಟಳು.

"ನಲವತ್ತೇಳಾ?" ಎಂದ ತಮ್ಮ. "ನಾನು ನಲವತ್ತೈದು ಅಂದ್ಕೊಂಡಿದ್ದೆ."

"ಎರಡು ಹೆಚ್ಚು ಕಮ್ಮಿ ಆಗುತ್ತೆ ಕಣೋ. ಒದ್ದೆ ರಸ್ತೆ ಹಿಡಿತ ಅಂದಾಜಲ್ವಾ." ಆಮೇಲೆ ಕೇಳಿದರು: "ಟ್ಯಾಂಕು ತುಂಬಿತ್ತಾ?"

ತುಂಬಿತ್ತು. ಆ ಬೆಳಿಗ್ಗೆ ಮೊದಲ ಕಟ್ಟಡದ ಗೇಟಿಗೆ ಬೀಗ ಹಾಕಿತ್ತು. ಕಾವಲಿನವನು ಹೆರಿಗೆಗೆಂದು ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದ. ಮುಕ್ಕಾಲು ಗಂಟೆ ಕಾದು, ನೀರು ತುಂಬಿದ ಗಾಡಿಯಲ್ಲೇ ಹಿಂದಿರುಗುತ್ತಿದ್ದ. ತುಂಬಿದ ಗಾಡಿಯನ್ನು ಯಾರಾದರೂ ಅರವತ್ತರಲ್ಲಿ ಓಡಿಸುತ್ತಾರೆಯೇ, ನೀರು ಹಿಂದೆ ಮುಂದೆ ಹೊಯ್ದಾಡಿ ಗಾಡಿಯನ್ನೇ ಎಳೆಯುತ್ತದೆ. ಕಾರು ಬಂದದ್ದು ದೀಪವಿಲ್ಲದೆ. ತಮ್ಮ ಒಂದೊಂದಾಗಿ ಹೇಳುತ್ತಾ ಹೋದ. ಮೇಷ್ಟ್ರು ಕೇಳುತ್ತಾ ಕುಳಿತರು. ಟಿಪ್ಪಣಿ ಮಾಡಿಕೊಳ್ಳಲಿಲ್ಲ.

ಹೇಳಿ ಮುಗಿದ ಮೇಲೆ ಅವನು ಕೈಯಲ್ಲಿದ್ದ ಪಾನಾವನ್ನು ತಿರುಗಿಸುತ್ತಾ, "ಅರವತ್ತಮೂರಲ್ಲೇ ಹೋಗಿದ್ದೆ ಅಂತಾನೇ ಇಟ್ಕೋ. ಆದ್ರೂ ಒಂದು ಸಲ ಕೇಳಬೇಕಿತ್ತು ಅಣ್ಣ ನೀನು" ಎಂದ.

"ಕೇಳಿದ್ರೆ ನೀನು ಏನು ಹೇಳಿದ್ರೂ ನಂಬಿಬಿಡ್ತಿದ್ದೆ ಕಣೋ" ಎಂದರು ಮೇಷ್ಟ್ರು. "ಅದಕ್ಕೇ ಕೇಳಲಿಲ್ಲ."

ಇದನ್ನು ನನಗೆ ಹೇಳುವಾಗ ಅವರು ಟೀ ಲೋಟದ ಅಂಚನ್ನು ಬೆರಳಿನಿಂದ ಸುತ್ತುತ್ತಿದ್ದರು. ತಮ್ಮ ಏನೆಂದ ಎಂದು ನಾನು ಕೇಳಿದೆ. ಪಂಪೊಂದರ ಗುಂಡಿ ಅದುಮಿದನಂತೆ. ಅದು ಗರ್ರೆಂದು ತಿರುಗತೊಡಗಿ, ಆ ಸದ್ದಿನಲ್ಲಿ ಇಬ್ಬರೂ ಬಹಳ ಹೊತ್ತು ಕೂತಿದ್ದರಂತೆ. ಮೂರು ದಿನ ಉಳಿದರು. ಮಗುವಿಗೆ ಗಣಿತ ಹೇಳಿಕೊಟ್ಟರು, ಅದು ಇವರಿಗೇ ಒಂದು ತಪ್ಪು ತೋರಿಸಿಕೊಟ್ಟಿತು. ಹೊರಡುವ ದಿನ ತಮ್ಮ ನಿಲ್ದಾಣದವರೆಗೆ ಬಂದ. "ಊರಿಗೆ ಬಾರೋ, ಎಲ್ಲಾರೂ ಬನ್ನಿ" ಎಂದರು. "ನೋಡೋಣ" ಎಂದ.

ಇದಾಗಿ ಎರಡು ವರ್ಷ ಕಳೆದಿದೆ. ಭಾನುವಾರದ ಫೋನು ಈಗ ರಾಜಾರೋಷವಾಗಿ ನಡೆಯುತ್ತದೆ. ಕೊನೆಯ ಎರಡು ನಿಮಿಷ ಮೇಷ್ಟ್ರ ಪಾಲಿಗೆ. ಊಟವಾಯಿತೇ, ಮಗು ಓದುತ್ತಿದೆಯೇ, ಇಷ್ಟರಲ್ಲಿ ಎರಡು ನಿಮಿಷ ತೀರುತ್ತದೆ. ತಮ್ಮ ಬಂದಿಲ್ಲ. ನಿವೃತ್ತರಾಗಿರುವ ಮೇಷ್ಟ್ರು ದಿನವೂ ಸಂಜೆ ಐದೂವರೆಗೆ, ಆ ಊರಿನ ಬಸ್ಸು ಬರುವ ಹೊತ್ತಿಗೆ ಸರಿಯಾಗಿ, ಪತ್ರಿಕೆ ಕೊಳ್ಳುವ ನೆಪದಲ್ಲಿ ನಿಲ್ದಾಣಕ್ಕೆ ಹೋಗುತ್ತಾರೆ. ಕಡೆಯ ಪ್ರಯಾಣಿಕ ಇಳಿಯುವವರೆಗೆ ಪತ್ರಿಕೆಯನ್ನು ಬಿಡಿಸುವುದಿಲ್ಲ. "ನೋಡೋಣ ಅಂದಿದ್ದಾನಲ್ಲ, ಬರಲ್ಲ ಅಂದಿಲ್ಲ" ಎಂದು ಕೇಳದಿದ್ದರೂ ನನಗೆ ವಿವರಿಸುತ್ತಾರೆ. ನಾನು ಹೌದೆನ್ನುತ್ತೇನೆ.

ಇಂಥವರದೊಂದು ಕುಲವೇ ಲೋಕದಲ್ಲಿದೆ. ನ್ಯಾಯವಂತರೆಂದು ಊರವರು ಹೊಗಳುತ್ತಾರೆ, ಕಲ್ಲೆದೆಯವರೆಂದು ಮನೆಯವರು ಹಲುಬುತ್ತಾರೆ. ಎರಡನ್ನೂ ಅವರು ಅಷ್ಟೇ ಮೌನವಾಗಿ ಸ್ವೀಕರಿಸುತ್ತಾರೆ. ಸ್ವಂತದವರ ಒಂದೇ ಒಂದು ಮಾತಿಗೆ ತಾವು ಸೋತು ಶರಣಾಗಿಬಿಡುವವರೆಂಬುದು ಅವರೊಬ್ಬರಿಗೇ ತಿಳಿದ ಗುಟ್ಟು. ಆ ಅಂಜಿಕೆಗೆ ಪರರಿಗೆಲ್ಲ ಹಾರುಹೊಡೆದಿಡುವ ಬಾಗಿಲನ್ನು ತಮ್ಮವರು ಬಂದಾಗ ಮುಚ್ಚಿ ಅಗಳಿ ಹಾಕುತ್ತಾರೆ. ಹಾಕಿ, ಒಳಗೆ ಆ ಕದಕ್ಕೇ ಕಿವಿಯಾನಿಸಿ, ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಹೊರಗೆ ನಿಂತವರಿಗೆ ಅದು ಹೇಗೆ ತಿಳಿಯಬೇಕು? ಅವರು ಒಮ್ಮೆ ಕರೆಯುತ್ತಾರೆ, ಇನ್ನೊಮ್ಮೆ ಕರೆಯುತ್ತಾರೆ, ಮೆಟ್ಟಿಲಿಳಿದು ಹೊರಟುಹೋಗುತ್ತಾರೆ.